ಒಂಟಿಗುಂಡಿ ಎಂದು ಕರೆದ ದನಿ

ಇದನ್ನು ಹೇಳಹೊರಟಿರುವುದೇ ಅಧಿಕಪ್ರಸಂಗ, ಓದುವವರು ಕ್ಷಮಿಸಬೇಕು. ಇದರಲ್ಲಿ ಕಾನೂನಿನ ಮಾತು ಬರುತ್ತದೆ, ಅದನ್ನು ಕಾನೂನು ಓದಿದವರು ಹೇಳಿದರೆ ಚೆಂದ. ಸತ್ತವರ ಮಾತೂ ಬರುತ್ತದೆ, ಅದನ್ನು ಯಾರು ಹೇಳಿದರೆ ಚೆಂದವೋ ಗೊತ್ತಿಲ್ಲ. ಎಲ್ಲಾದರೂ ಎಡವಿದ್ದರೆ ಆ ತಪ್ಪು ಹೇಳಿದವರ ತಲೆಗೆ ಬರಲಿ, ಟೈಲರಕ್ಕನ ತಲೆಗೆ ಬೇಡ.

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂಗೋಣೆಯೇ ಅಂಗಡಿ. ಕಿಟಕಿಗೆ ಮುಖಮಾಡಿದ ಮಷೀನು, ಮೊಳೆಗೆ ಜೋತುಬಿದ್ದ ಅಳತೆ ಟೇಪು, ಮೂಲೆಯಲ್ಲಿ ಬಟ್ಟೆ ಚೂರುಗಳ ಗುಡ್ಡೆ. ಒಂದು ಮಧ್ಯಾಹ್ನ ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎತ್ತಿ ಕಿವಿಗಿಟ್ಟುಕೊಂಡಳು.

"ಒಂಟಿಗುಂಡೀ, ಕೇಳಿಸ್ತಿದ್ಯಾಆ?"

ಗುಂಡುಸೂಜಿ ನೆಲಕ್ಕೆ ಬಿತ್ತು. ಅದು ಗಂಡನ ದನಿ. ಗಂಡ ತೀರಿಕೊಂಡು ಎರಡನೇ ವರ್ಷ ನಡೆಯುತ್ತಿತ್ತು.

ಅವನು ಲಿಫ್ಟ್ ರಿಪೇರಿಯವನು. ಲಿಫ್ಟಿನ ಬಾವಿಯ ತಳದಲ್ಲಿ ನಿಂತು ಮೇಲಿನ ಮಹಡಿಯವರಿಗೆ ಕೂಗಿ ಕೂಗಿ, ಮಾತಿನ ಕೊನೆಯನ್ನು ಎಳೆಯುವುದು ಅವನಿಗೆ ರೂಢಿಯಾಗಿತ್ತು. ಪಕ್ಕದಲ್ಲೇ ಕೂತವರ ಜೊತೆಗೂ ಏಳನೇ ಮಹಡಿಯಲ್ಲಿದ್ದವರ ಜೊತೆ ಮಾತಾಡಿದಂತೆಯೇ. ಆ ಎಳೆತವನ್ನು ಯಾರಾದರೂ ಗುರುತಿಸುತ್ತಿದ್ದರು. ಒಂಟಿಗುಂಡಿ ಎಂಬ ಹೆಸರು ಹಾಗಲ್ಲ, ಅದು ಅವರಿಬ್ಬರಿಗೆ ಮಾತ್ರ ಗೊತ್ತು. ಮದುವೆಯಾದ ಹೊಸತರಲ್ಲಿ ಅವಳು ಅವನಿಗೊಂದು ಅಂಗಿ ಹೊಲಿದಿದ್ದಳು. ಹೊಸ ಗಂಡ ಎದುರಿಗೆ ಕೂತು ನೋಡುತ್ತಿದ್ದಾನೆಂಬ ಗಡಿಬಿಡಿಯಲ್ಲಿ ಕಾಜಾಗಳಿಗಿಂತ ಒಂದು ಗುಂಡಿ ಹೆಚ್ಚಾಗಿ ಹಾಕಿಬಿಟ್ಟಿದ್ದಳು. ಎಲ್ಲ ಗುಂಡಿಗಳೂ ತಂತಮ್ಮ ಮನೆ ಸೇರಿದ ಮೇಲೆ ಕೊರಳ ಬಳಿ ಒಂದೇ ಒಂದು ಉಳಿದುಹೋಯಿತು. ಕೀಳುತ್ತೇನೆಂದರೆ ಅವನು ಬಿಡಲಿಲ್ಲ. "ಇರ್ಲಿ ಬಿಡು, ಒಂಟಿಗುಂಡಿ. ಹುಡುಕ್ಕೊಂಡು ಬಂದೋರಿಗೆ ಗುರುತಾಗುತ್ತೆ" ಅಂದ. ಅಂದಿನಿಂದ ಬಾಗಿಲು ಹಾಕಿದ ಮನೆಯೊಳಗೆ ಅವಳ ಹೆಸರು ಅದೇ. ಹೊರಗೆ ನಾಲ್ಕು ಜನರ ಮುಂದೆ ಅವಳು "ನಮ್ಮ ಮನೆಯವರು".

"ಎಲ್ಲಿದ್ದೀರ್ರೀ?" ಅಂದಳು ಟೈಲರಕ್ಕ.

ಅದಕ್ಕೆ ಅದೇ ದನಿ, "ನಿನ್ನ ಫೋನಿಗೊಂದು ನಂಬರ್ ಬಂದಿರುತ್ತೆ ನೋಡು. ಓದಿ ಹೇಳೂ."

ಕನ್ನಡಕ ಹುಡುಕುವಷ್ಟರಲ್ಲಿ ಕರೆ ಕಡಿದುಹೋಯಿತು.

ಆ ವಾರ ಮತ್ತೆ ಬಂತು. ಅದರ ಮರುವಾರವೂ ಬಂತು. ಪ್ರತಿ ಸಲವೂ ಹೆಸರು, ಎಳೆತ, ನಂಬರ್ ಹೇಳು ಎಂಬ ಮಾತು. ಅವಳು ನಂಬರ್ ಹೇಳಲಿಲ್ಲ. ಹುಷಾರಿಯಿಂದಲ್ಲ, ಹೇಳಿದರೆ ಕೆಲಸ ಮುಗಿದು ಮತ್ತೆ ಫೋನ್ ಬಾರದೇನೋ ಎಂಬ ಹೆದರಿಕೆಯಿಂದ. ಊಟ ಆಯ್ತಾ, ಕಾಲುನೋವು ಹೇಗಿದೆ ಎಂದು ಕೇಳುವಳು. ಆ ಕಡೆಯಿಂದ ಮತ್ತೆ ಅದೇ ನಂಬರಿನ ಮಾತು. ಇಟ್ಟಮೇಲೆ ಕೋಣೆ ಎಷ್ಟು ತಣ್ಣಗಾಗುತ್ತಿತ್ತೆಂದರೆ, ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಗುಟ್ಟು ರಟ್ಟಾದದ್ದು ನಾದಿನಿಯಿಂದ. ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಈಕೆಗೆ ಬಾಯಿ ಜೋರು, ಕರುಳು ಮೆತ್ತಗೆ. ಹೊಲಿಯಲು ಕೊಟ್ಟ ಬಟ್ಟೆ ಹಾಗೇ ಬಿದ್ದಿರುವುದನ್ನು ನೋಡಿ, "ಏನತ್ತಿಗೆ, ಮಷೀನಿಗೆ ಜ್ವರವಾ?" ಎಂದು ಕೆಣಕಿದಳು. ಕೆಣಕಿದ್ದಕ್ಕೆ ಎಲ್ಲ ಹೊರಬಿತ್ತು, ಆ ಹೆಸರು ಒಂದನ್ನು ಬಿಟ್ಟು.

ನಾದಿನಿ ಕೂತಲ್ಲೇ ಕೂತುಬಿಟ್ಟಳು. ಆಮೇಲೆ ಸಾವರಿಸಿಕೊಂಡು, "ಸತ್ತೋರು ಫೋನ್ ಮಾಡೋ ಹಾಗಿದ್ರೆ ನಮ್ಮತ್ತೆ ಮೊದ್ಲು ಮಾಡ್ತಿದ್ರು, ಅಡುಗೆಗೆ ಉಪ್ಪು ಕಮ್ಮಿ ಅಂತ," ಅಂದಳು. "ಅತ್ತಿಗೆ, ಅಣ್ಣನ ವಿಮೆ ಕಂಪನಿಯಿಂದ ಕಳ್ಳರು ಎಲ್ಲಾ ಕದ್ದಿದ್ದಾರಂತೆ. ಹೆಸರು, ವಿಳಾಸ, ಕಾಯಿಲೆ. ಜನ ಫೋನ್ ಮಾಡಿದಾಗ ರೆಕಾರ್ಡ್ ಮಾಡ್ಕೋತಾರಲ್ಲ, ಆ ದನೀನೂ. ದನಿ ಇದ್ರೆ ಸಾಕಂತೆ ಈಗ, ಏನ್ ಬೇಕಾದ್ರೂ ಮಾತಾಡಿಸ್ತಾರೆ. ಏಳಿ, ಲಾಯರಮ್ಮನ ಹತ್ರ ಹೋಗೋಣ."

ಲಾಯರಮ್ಮನ ಆಫೀಸು ನಕಲಿ ಬೀಗದ ಕೈ ಮಾಡಿಕೊಡುವವನ ಅಂಗಡಿಯ ಮೇಲಿತ್ತು. ಕೆಳಗೆ ಅರ ಉಜ್ಜುವ ಸದ್ದು, ಮೇಲೆ ಕಾನೂನು. ಲಾಯರಮ್ಮ ಚಿಕ್ಕ ವಯಸ್ಸಿನವಳು. ಕೇಳುವಾಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು.

"ಕಂಪನಿಯಿಂದ ನಿಮಗೊಂದು ಮೆಸೇಜ್ ಬಂದಿರಬೇಕು. ಕಳುವಾದ ನಿಮ್ಮ ಮಾಹಿತಿಗೆ ಒಂದು ವರ್ಷ ಪುಕ್ಕಟೆ ಕಾವಲು ಕೊಡ್ತೀವಿ, 'ಒಪ್ಪಿದೆ' ಅಂತ ಒತ್ತಿ ಅಂತ. ಒತ್ತಿದ್ರಾ?"

"ಇಲ್ಲಮ್ಮ, ಕನ್ನಡಕ ಸಿಗ್ಲಿಲ್ಲ."

"ಬದುಕಿದ್ರಿ! ಅದರ ಬಾಲದಲ್ಲಿ ಸಣ್ಣಕ್ಷರದಲ್ಲಿ, ಇನ್ನು ಮೇಲೆ ನಮ್ಮ ಮೇಲೆ ಕೇಸ್ ಹಾಕಲ್ಲ ಅಂತ ಇದೆ. ಅದು ಉಳಿಯುತ್ತೋ ಇಲ್ವೋ ಕೋರ್ಟ್ ಹೇಳ್ಬೇಕು, ಆದ್ರೆ ಒತ್ತದೇ ಇರೋದೇ ಕ್ಷೇಮ." ಮುಚ್ಚಳ ಬಾಯಿಂದ ತೆಗೆದಳು. "ಈಗ, ಬೇರೆಯವರೆಲ್ಲ ಸೇರಿ ಒಂದು ಕೇಸ್ ಹಾಕಿದ್ದಾರೆ, ಅದರಲ್ಲಿ ಸೇರಬಹುದು. ಖರ್ಚು ಕಮ್ಮಿ, ಬಲ ಜಾಸ್ತಿ."

"ಗುಂಪಲ್ಲಿ ಗೋವಿಂದ," ಅಂದಳು ನಾದಿನಿ.

"ಅದೇ ತೊಂದರೆ. ಅಲ್ಲಿ ನಿಮ್ಮ ಅತ್ತಿಗೆ ಸಾವಿರದಲ್ಲೊಬ್ಬರು. ಒಬ್ಬರೇ ದೂರು ಕೊಟ್ರೆ ಇವರ ಮಾತನ್ನ ಇವರದ್ದೇ ಅಂತ ಕೇಳ್ತಾರೆ, ಆದ್ರೆ ನಿಧಾನ. ಎರಡಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡ್ಬೇಕು. ನಿಮ್ಮ ಹತ್ರ ನಮ್ಮದು ಏನೇನಿದೆ, ತೋರಿಸಿ ಅಂತ ಕಂಪನೀನ ಕೇಳೋ ಹಕ್ಕಿದೆ. ಕೇಳೋಣ." ಟೈಲರಕ್ಕನ ಕಡೆ ತಿರುಗಿದಳು. "ದುಡ್ಡೇನೂ ಹೋಗಿಲ್ಲ. ನಷ್ಟ ಏನು ಅಂತ ಬರೀಲಮ್ಮ?"

ಟೈಲರಕ್ಕ ಸೆರಗಿನ ಅಂಚು ತಿರುವಿದಳು. "ಮಧ್ಯಾಹ್ನ ಹೊಲಿಯೋದೇ ನಿಂತುಹೋಗಿದೆ. ಮಷೀನ್ ಸದ್ದಲ್ಲಿ ಫೋನ್ ಕೇಳಿಸದೇ ಹೋದ್ರೆ ಅಂತ."

ಲಾಯರಮ್ಮ ಅದನ್ನು ಹಾಗೆಯೇ ಬರೆದುಕೊಂಡಳು. ದೂರನ್ನು ಸಿದ್ಧಮಾಡಿ ಓದಿ ಹೇಳಿದಳು. ಎಲ್ಲ ಸರಿಯಿತ್ತು, ಒಂದು ಸಾಲಿನವರೆಗೆ: "ಕರೆ ಮಾಡಿದ ವ್ಯಕ್ತಿ ನನ್ನ ಗಂಡನಲ್ಲ ಎಂದು ಪ್ರಮಾಣಪೂರ್ವಕವಾಗಿ ಹೇಳುತ್ತೇನೆ."

ಟೈಲರಕ್ಕ ಪೆನ್ನು ಕೆಳಗಿಟ್ಟಳು. "ಗೊತ್ತಿಲ್ಲದ್ದಕ್ಕೆ ಆಣೆ ಹಾಕೋದು ಹೇಗಮ್ಮ?"

"ಅಯ್ಯೋ ಅತ್ತಿಗೆ! ಕಣ್ಣಾರೆ ಕಳಿಸಿಕೊಟ್ಟಿದ್ದೀವಲ್ಲ!"

"ಕಳಿಸಿದ್ದು ಗೊತ್ತು. ಫೋನ್ ಮಾಡಿದ್ದು ಯಾರು ಅಂತ ಗೊತ್ತಿಲ್ಲ."

"ಈ ಸಾಲಿಲ್ದೆ ಮೋಸ ಅನ್ನೋಕಾಗಲ್ಲ," ಎಂದಳು ಲಾಯರಮ್ಮ ಮೆಲ್ಲಗೆ. "ಸಹಿ ಮಾಡಿದ ಮೇಲೆ ನಿಮ್ಮ ಫೋನನ್ನ ಪರೀಕ್ಷೆಗೆ ಒಪ್ಪಿಸ್ಬೇಕು, ಈ ನಂಬರನ್ನೂ ಮುಚ್ಚಿಸ್ಬೇಕು. ಮಾಡದೇ ಇದ್ರೆ ಈ ಕರೆಗಳು ಬರ್ತಾನೇ ಇರುತ್ವೆ. ಒಂದಿನ ಕನ್ನಡಕ ಕೈಗೆ ಸಿಕ್ಕಿರುತ್ತೆ, ನಂಬರ್ ಓದಿಬಿಡ್ತೀರಿ, ದುಡ್ಡು ಹೋಗುತ್ತೆ."

ಮೆಟ್ಟಿಲಿಳಿಯುವಾಗ ಟೈಲರಕ್ಕನಿಗೆ ಅನ್ನಿಸಿದ್ದು ಬೇರೆಯೇ. ಆಣೆ ಹಾಕಿದರೆ ಆ ಹೆಸರಿನಿಂದ ಕರೆಯುವವರು ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಅವನನ್ನು ತಾನೇ ಎರಡನೇ ಸಲ ಬಾಗಿಲಾಚೆ ನೂಕಿದಂತಾಗುತ್ತದೆ.

ಕಂಪನಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಲಾಯರಮ್ಮ ಬೆನ್ನು ಬಿಡದೆ ಕಾಡಿದ ಮೇಲೆ, ಅವನು ಕಂಪನಿಗೆ ಮಾಡಿದ್ದ ಕರೆಗಳ ರೆಕಾರ್ಡನ್ನು ಬಂದು ಕೇಳಿಸಿಕೊಳ್ಳಿ ಎಂದರು. ಗಾಜಿನ ಕೋಣೆ, ಕುರ್ಚಿಗಳು ಎಷ್ಟು ಮೆತ್ತಗಿದ್ದವೆಂದರೆ ಕೂತವರು ಏಳಲು ಆಸರೆ ಬೇಕು. ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಅಧಿಕಾರಿಯೊಬ್ಬರು "ಆದ ಅನಾನುಕೂಲಕ್ಕೆ ವಿಷಾದಿಸ್ತೀವಿ" ಅಂದರು.

"ಅನಾನುಕೂಲ ಅಂದ್ರೆ ನೀರು ಬರದೇ ಇರೋದು," ಎಂದಳು ನಾದಿನಿ. ಅಧಿಕಾರಿ ಗುಂಡಿ ಒತ್ತಿದರು.

ಕೋಣೆಯ ತುಂಬ ಅವನು. "ಹಲೋ, ಕೇಳಿಸ್ತಿದ್ಯಾಆ?"

ನಾದಿನಿ ಬಾಯಿಗೆ ಕೈಯಡ್ಡ ಹಿಡಿದಳು. ಟೈಲರಕ್ಕ ಅಲುಗಾಡಲಿಲ್ಲ; ಅವಳು ಒಂದೇ ಒಂದು ಪದಕ್ಕಾಗಿ ಕಾಯುತ್ತಿದ್ದಳು. ಅದು ಇಲ್ಲಿ ಸಿಕ್ಕರೆ ಕಳ್ಳರು ಅದನ್ನು ಇಲ್ಲಿಂದಲೇ ಕದ್ದರೆಂದಾಯಿತು. ಕಣ್ಮುಚ್ಚಿ ಸಹಿ ಹಾಕಬಹುದು. ರೆಕಾರ್ಡಿನಲ್ಲಿ ಕಂಪನಿಯ ಹುಡುಗಿ, ಮಾತಾಡುತ್ತಿರುವವರು ಅವರೇ ಎಂದು ಖಚಿತಪಡಿಸಿಕೊಳ್ಳಲು ಗುಟ್ಟಿನ ಪದ ಕೇಳಿದಳು. ಟೈಲರಕ್ಕ ಮುಂದಕ್ಕೆ ಬಾಗಿದಳು.

"ಕತ್ತರಿ," ಅಂದ ಅವನು.

ಒಂದಾದ ಮೇಲೊಂದು ಕರೆಗಳು ಮುಗಿದವು. ಎಲ್ಲದರಲ್ಲೂ ಅವಳು "ನಮ್ಮ ಮನೆಯವರು". ಕೊನೆಯದರಲ್ಲಿ ಮಾತ್ರ ಹಿಂದುಗಡೆ ಮಷೀನಿನ ಸದ್ದು ಕೇಳುತ್ತಿತ್ತು, ಅವಳದೇ ಮಷೀನು.

"ನಿಮ್ಮ ಮಿಸೆಸ್ ಫೋನಿಗೊಂದು ನಂಬರ್ ಬಂದಿರುತ್ತೆ, ಸರ್. ಕೇಳಿ ಹೇಳ್ತೀರಾ?" ಎಂದಳು ಆ ಹುಡುಗಿ.

"ಅವರ ಫೋನಿಗೆ ಬಂದಿದ್ದನ್ನ ನಾನ್ಯಾಕಮ್ಮ ಕೇಳ್ಲೀ? ಅದು ಅವರದ್ದು. ನಾನು ಯಾವತ್ತೂ ಕೇಳಿಲ್ಲ, ಕೇಳೋದೂ ಇಲ್ಲ. ಅವರ ಕೈಲೇ ಕೊಡ್ತೀನಿ, ತಡೀರೀ."

ಆಮೇಲೆ ಫೋನಿಗೆ ಅಂಗೈ ಮುಚ್ಚಿದ ಗರಗರ. ಅಂಗೈಯಾಚೆ ಅವನು ಏನೋ ಕೂಗಿದ. ಮಷೀನು ನಿಂತಿತು.

"ಇನ್ನೊಂದ್ಸಲ," ಅಂದಳು ಟೈಲರಕ್ಕ. ಅಧಿಕಾರಿ ಸದ್ದು ಏರಿಸಿ ಹಾಕಿದರು. ಗರಗರವೇ ದೊಡ್ಡದಾಯಿತು. ಅದರೊಳಗೆ ಆ ಹೆಸರು ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ಕರೆಗಳು ಇಷ್ಟೇನಾ ಎಂದು ಲಾಯರಮ್ಮ ಕೇಳಿದ್ದಕ್ಕೆ, "ನಮ್ಮ ಬಳಿ ಇರೋದು ಇಷ್ಟೇ" ಎಂದರು.

ಟೈಲರಕ್ಕ ಆ ಮೆತ್ತನೆಯ ಕುರ್ಚಿಯಲ್ಲೇ ಸೆಟೆದು ಕೂತಳು. "ಸಾಲು ತಿದ್ದೋಕಾಗುತ್ತಾ, ಲಾಯರಮ್ಮ?"

"ಏನಂತ?"

"ನಂಬರ್ ಕೇಳಿದವನು ನನ್ನ ಗಂಡನಲ್ಲ ಅಂತ. ಅವರು ಕೇಳೋರಲ್ಲ. ಅದಕ್ಕೆ ಬೇಕಾದ್ರೆ ಆಣೆ ಹಾಕ್ತೀನಿ, ಸಾಕ್ಷೀನೂ ಅವರೇ ಹೇಳಿದ್ದಾರೆ."

ಲಾಯರಮ್ಮ ಮುಚ್ಚಳ ಕಚ್ಚುವುದನ್ನೂ ಮರೆತು ಬರೆದಳು. "ಸಾಕು. ಇಷ್ಟು ಸಾಕು." ಟೈಲರಕ್ಕ ಅಲ್ಲಿಯೇ ಓದಿಸಿ ಕೇಳಿ ಸಹಿ ಹಾಕಿದಳು. ಅತ್ತದ್ದು ನಾದಿನಿ.

ಫೋನನ್ನು ಮರುದಿನ ಒಪ್ಪಿಸಬೇಕಿತ್ತು. ಅಂದು ಮಧ್ಯಾಹ್ನ ಟೈಲರಕ್ಕ ಬಹಳ ದಿನಗಳ ಮೇಲೆ ಮಷೀನಿಗೆ ಕೂತು, ಅರ್ಧಕ್ಕೆ ನಿಂತಿದ್ದ ತೋಳನ್ನು ಕೂಡಿಸಿದಳು. ಇನ್ನೊಂದು ತೋಳಿನ ನಡುವೆ ಫೋನು ಬಂತು. ಸದ್ದಿನ ನಡುವೆಯೂ ಕೇಳಿಸಿತು.

"ಒಂಟಿಗುಂಡೀ."

ಅವಳು ಕಾದಳು. ಈಗ ನಂಬರ್ ಕೇಳಬೇಕು. ಕೇಳಲಿ, ಬಾಯಿಗೆ ಬಂದಂತೆ ಬೈಯುತ್ತೇನೆ ಎಂದು ನಾಲಿಗೆ ತುದಿಯಲ್ಲಿ ಮಾತು ಇಟ್ಟುಕೊಂಡೇ ಕಾದಳು. ಆ ಕಡೆಯಿಂದ ಯಾರೂ ಏನೂ ಕೇಳಲಿಲ್ಲ. ಉಸಿರು ಮಾತ್ರ ಇತ್ತು. ಉಸಿರಿನ ಹಿಂದೆ ದೊಡ್ಡ ಟೊಳ್ಳು, ಬಾವಿಯ ತಳದಿಂದ ಕೇಳುವಂಥದ್ದು.

"ನಂಬರ್ ಬೇಡ್ವಾ?" ಎಂದಳು, ದನಿ ತಗ್ಗಿಸಿ.

ಉಸಿರು ಹಾಗೆಯೇ ಬರುತ್ತಿತ್ತು.

"ಕೆಲಸ ಇದೆ ರೀ, ಇಡ್ತೀನಿ," ಅಂದಳು. ಆದರೂ ಆ ಕಡೆಯವರು ಮೊದಲು ಇಡಲಿ ಎಂದು ಹಿಡಿದುಕೊಂಡೇ ಇದ್ದಳು. ಕೊನೆಗೆ ಇಟ್ಟವಳು ಅವಳೇ.

ಮರುದಿನ ಫೋನು ಹೋಯಿತು, ನಂಬರ್ ಮುಚ್ಚಿತು. ದೂರು ಇನ್ನೂ ವಿಚಾರಣೆಯಲ್ಲಿದೆ. ಲಾಯರಮ್ಮ ಗೆಲ್ಲುತ್ತಾಳೋ ಸೋಲುತ್ತಾಳೋ ಗೊತ್ತಿಲ್ಲ. ಪರೀಕ್ಷೆ ಮಾಡಿದವರು ಮೊದಲಿನ ಕರೆಗಳೆಲ್ಲ ಒಂದೇ ಕಡೆಯಿಂದ ಬಂದಿವೆ ಎಂದರು. ಕೊನೆಯದು ಎಲ್ಲಿಂದ ಎಂದು ಹೇಳಲು ಅವರಿಗಾಗಲಿಲ್ಲ. ಹಾಗಾಗುವುದು ಉಂಟು ಎಂದರಂತೆ. ಅಂಗೈ ಮುಚ್ಚಿ ಅವನು ಏನೆಂದು ಕೂಗಿದನೋ, ಕಳ್ಳರಿಗೆ ಆ ಹೆಸರು ಎಲ್ಲಿ ಸಿಕ್ಕಿತೋ, ಆ ಮಧ್ಯಾಹ್ನ ಏನೂ ಕೇಳದೆ ಉಸಿರಾಡಿದ್ದು ಯಾರೋ, ಟೈಲರಕ್ಕನಿಗೆ ತಿಳಿದಿಲ್ಲ. ಇದನ್ನು ಹೇಳಿದವರಿಗೂ ತಿಳಿದಿಲ್ಲ.