ಕಣ್ಣಿನ ಮಟ್ಟಕ್ಕೆ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಎಡಗೈಯ ಎರಡು ಬೆರಳನ್ನು ಇರುವೆಯಂತೆ ಗೋಡೆ ಹತ್ತಿಸಬೇಕು, ನೋವು ತಡೆಯಲಾಗದಂತಾಗುವ ಮೊದಲೇ ನಿಲ್ಲಿಸಿ ಅಲ್ಲೊಂದು ಗೆರೆ ಎಳೆಯಬೇಕು. ಶಿರಾದ ಡಾಕ್ಟರು ಹೇಳಿಕೊಟ್ಟಿದ್ದು. ಭುಜ ಬಿಗಿದುಕೊಂಡಿದೆ, ಸಡಿಲವಾಗಲು ವರ್ಷವೇ ಹಿಡಿಯಬಹುದು, ಆದರೆ ಕೈಯನ್ನು ಸುಮ್ಮನೆ ಬಿಡಬೇಡಿ ಎಂದಿದ್ದರು. ಅನ್ನ ಬೇಯುವಷ್ಟು ಹೊತ್ತು ಗೋಡೆ, ಆಮೇಲೆ ಬಿಸಿನೀರಿನ ಚೀಲ. ಗೆರೆಗಳು ಇನ್ನೂ ನನ್ನ ಗದ್ದ ದಾಟಿಲ್ಲ.

ಟವೆಲ್ ಹಿಡಿದು ಮಾಡುವುದೂ ಒಂದಿದೆ. ಬೆನ್ನ ಹಿಂದೆ ಒಂದು ತುದಿ ಎಡಗೈಗೆ, ಇನ್ನೊಂದು ಬಲಗೈಗೆ. ಒಂದು ಕೈ ಇನ್ನೊಂದನ್ನು ಮೆಲ್ಲಗೆ ಮೇಲಕ್ಕೆಳೆಯಬೇಕು. ಯಾರಾದರೂ ಜೊತೆಗಿದ್ದರೆ ಸುಲಭ ಎಂದರು. ಮಗಳು ಶಿವರಂಜನಿ ತುಮಕೂರಿನ ಹಾಸ್ಟೆಲಿನಲ್ಲಿ ಓದುತ್ತಾಳೆ. ನಮ್ಮವರು ಪ್ರಭುದೇವ್ ಪುಣೆಗೆ ಲಾರಿ ಓಡಿಸುತ್ತಾರೆ. ಊರ ಪಕ್ಕದ ಹೈವೇಯಲ್ಲೇ ಹೋಗುತ್ತಾರೆ, ಲೋಡಿದ್ದರೆ ನಿಲ್ಲುವಂತಿಲ್ಲ. ಶಿರಾ ದಾಟಿದೆ ಎಂದು ಫೋನ್ ಬರುತ್ತದೆ. ಭುಜ ಹೇಗಿದೆ ಎಂದು ಕೇಳಿದರೆ ಪರವಾಗಿಲ್ಲ ಎನ್ನುತ್ತೇನೆ.

ಪೂಜೆ ನಿಂತು ಮೂರು ತಿಂಗಳಾಗಿತ್ತು. ಅದನ್ನು ಅವರಿಗೆ ಹೇಳಿರಲಿಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಬೇಕು ಎಂದು ಅವ್ವ ಕಲಿಸಿದ್ದಳು. ಒಂದು ಬೆಳಿಗ್ಗೆ ಎದೆಯ ಹತ್ತಿರವೇ ಕೈ ನಡುಗಿ ಲಿಂಗ ಜಾರಿ ಮಡಿಲಿಗೆ ಬಿತ್ತು. ಅಂದಿನಿಂದ ಲಿಂಗವಿಡುವ ಕತ್ತಿನ ಕರಡಿಗೆಯನ್ನು ತೆರೆದಿರಲಿಲ್ಲ. ಇಡೀ ದಿನದಲ್ಲಿ ಆ ಹತ್ತು ನಿಮಿಷ ಮಾತ್ರ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನಿಸುತ್ತಿತ್ತು. ಅದೂ ಇಲ್ಲವಾಯಿತು.

ಹೋದ ಸೋಮವಾರ ಅತ್ತೆ ಕರಿಬಸಮ್ಮ ಮಧುಗಿರಿಯಿಂದ ಹುಣಸೆಹಣ್ಣಿನ ಗಂಟು ಹೊತ್ತು ಬಂದರು. ಕಾಲು ತೊಳೆದವರು ನೇರ ಪೂಜೆಯ ಗೂಡಿಗೆ ಕೈಹಾಕಿ ವಿಭೂತಿ ಗಟ್ಟಿಯನ್ನು ತಿರುಗಿಸಿ ನೋಡಿದರು.

“ಶಿವರಾತ್ರೀಲಿ ಕೊಟ್ಟಿದ್ದು ಅಂಗೇ ಐತಲ್ಲಮ್ಮ. ಅಂಚೂ ಸವೆದಿಲ್ಲ. ಇದನ್ನೇನು ಸಾಕ್ತಿದ್ದೀಯಾ?”

ಪಾತ್ರೆ ತೊಳೆಯುತ್ತಲೇ ಎಲ್ಲ ಹೇಳಿದೆ, ಲಿಂಗ ಜಾರಿದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಅವರು ಹೆಬ್ಬೆರಳಿನಿಂದ ನನ್ನ ಭುಜ ಒತ್ತಿದರು, ನಾನು ಮುಖ ಕಿವುಚಿದ್ದನ್ನು ನೋಡಿದರು.

“ಕೈ ಮ್ಯಾಲಕ್ಕೆ ಬರ್ದಿದ್ರೆ ನೀನೇ ಬಗ್ಗು ಕಣಮ್ಮ,” ಎಂದರು. “ನಿನ್ ಕತ್ತಿಗೇನಾಗೈತೆ? ಅದೂ ಹಿಡ್ಕಂಡೈತಾ?”

ನನಗೆ ಇದು ಹೊಳೆದೇ ಇರಲಿಲ್ಲ. ಗೋಡೆಯ ಗೆರೆ ಕಣ್ಣಿನ ಮಟ್ಟ ಮುಟ್ಟಲಿ, ಆಮೇಲೆ ಪೂಜೆ ಎಂದು ಕಾಯುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಅವರನ್ನು ಬಸ್ಸು ಹತ್ತಿಸಿ ಬಂದೆ. ಸ್ನಾನ ಮಾಡಿ, ಮಗಳ ಹಳೆಯ ದಿಂಬನ್ನು ತೊಡೆಯ ಮೇಲಿಟ್ಟು ಎಡ ಮೊಣಕೈಯನ್ನು ಅದಕ್ಕೆ ಊರಿ ಕೂತೆ. ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟೆ. ಕೈ ಏರಲಿಲ್ಲ. ನಾನೇ ಬಗ್ಗಿದೆ. ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನ ಉಸಿರು ಅದರ ಮೇಲೆ ಬೀಳುತ್ತಿತ್ತು. ಲಿಂಗ ಜಾರಲಿಲ್ಲ.

ಒಲೆಯ ಮೇಲೆ ಹಾಲು ಕಾಯುತ್ತಿದ್ದಾಗ ನಮ್ಮವರ ಫೋನ್ ಬಂತು. ಶಿರಾ ದಾಟಿದೆ ಎಂದರು.

“ಇವತ್ತು ಪೂಜೆ ಮಾಡಿದೆ,” ಎಂದೆ.

“ದಿನಾ ಮಾಡ್ತೀಯಲ್ಲ?”

ಹೂಂ ಎಂದೆ. ಲಾರಿ ಹಿರಿಯೂರಿನ ಕಡೆ ಹೋಗುತ್ತಿತ್ತು. ಫೋನ್ ಇಟ್ಟು ಹಾಲು ಇಳಿಸಿದೆ. ಚೀಲಕ್ಕೆ ಬಿಸಿನೀರು ಬೇಕಿತ್ತು, ಅದಕ್ಕೆ ಪಾತ್ರೆ ಇಟ್ಟೆ.