ಬೂದಿಯ ಮೊದಲ ಬಸಿರು

ಗಂಡುಮೊಲದ ಪಂಜರದ ಮೂಲೆಯಲ್ಲಿ ಬೂದುಬಣ್ಣದ ಕೂದಲು ಕಂಡಾಗ ಅತ್ತಿಗೆ ಬಗ್ಗಿ ಅದನ್ನು ಹೆಕ್ಕಿಕೊಂಡಳು. ಆ ಗಂಡು ಅಚ್ಚ ಬಿಳುಪು. ಇಡೀ ಕೊಟ್ಟಿಗೆಯಲ್ಲಿ ಬೂದುಬಣ್ಣದ್ದು ಒಂದೇ ಒಂದು, ಅವಳು ಹನಿಹನಿ ಹಾಲು ಹಾಕಿ ಬದುಕಿಸಿದ ಎಳೆಯ ಹೆಣ್ಣು, ಬೂದಿ.

ಗಂಡ ಇದ್ದಾಗಲೇ ಅವಳು ಮೊಲ ಸಾಕುವ ಕೆಲಸ ಹಿಡಿದಿದ್ದಳು. ಅವನು ತೀರಿಹೋದ ಮೇಲೆ ಮೈದುನ ಜೊತೆಗೂಡಿದ. ದುಡಿಮೆಯಲ್ಲಿ ಎತ್ತಿದ ಕೈ, ತಾಳ್ಮೆಯಲ್ಲಿ ಮಾತ್ರ ಸೊನ್ನೆ. ಕೆಲವು ದಿನಗಳಿಂದ ಇಬ್ಬರಿಗೂ ಒಂದೇ ಜಗ್ಗಾಟ. ಬೂದಿ ಓರಗೆಯ ಮೊಲಗಳಿಗಿಂತ ದಪ್ಪ ಬೆಳೆದಿದೆ, ಬೆದೆಗೆ ಬಂದು ಕಂಡಕಂಡಲ್ಲಿ ಗಲ್ಲ ಉಜ್ಜುತ್ತಿದೆ, ಗಂಡಿಗೆ ಬಿಡಲು ಇನ್ನೇನು ಬೇಕು ಎಂದು ಅವನ ವಾದ. ದೊಡ್ಡ ತಳಿಯದಕ್ಕೆ ಮೈ ಬೇಗ ತುಂಬುತ್ತದೆ, ಮೂಳೆ ನಿಧಾನಕ್ಕೆ ಬಲಿಯುತ್ತದೆ ಎಂದು ಅವಳದು. ಅವನ ಕೈಯನ್ನೇ ಬೂದಿಯ ಸೊಂಟದ ಮೇಲಿಡಿಸಿ, ಎಲುಬು ಎಷ್ಟು ಕಿರಿದು ನೋಡು ಎಂದಿದ್ದಳು. ಅವನು ಹೂಂಗುಟ್ಟಿದ್ದ. ಅವಳು ಹುಲ್ಲಿಗೆ ಹೋದ ಹೊತ್ತು ನೋಡಿ ತನ್ನ ಹಟವನ್ನೇ ಸಾಧಿಸಿದ್ದ.

"ಬಿಟ್ಟೆಯಾ?" ಎಂದಳು.

ಪೊರಕೆ ಹಿಡಿದಿದ್ದ ಮೈದುನ ತಲೆ ಎತ್ತಲಿಲ್ಲ. "ಒಂದೇ ಸಲ ಅತ್ತಿಗೆ. ಅದೇ ಬಾಲ ಎತ್ಕೊಂಡು ನಿಂತಿತ್ತು."

"ಬಾಲ ಎತ್ತೋದು ಅದರ ಕೆಲಸ. ಬೇಡ ಅನ್ನೋದು ನಮ್ಮ ಕೆಲಸ."

ಎರಡು ವಾರ ಕಳೆದು ಹೊಟ್ಟೆ ಮುಟ್ಟಿ ನೋಡಿದರೆ, ಬೆರಳಿಗೆ ದ್ರಾಕ್ಷಿಯಂಥ ಗಂಟುಗಳು ಸಿಕ್ಕವು. ಬೂದಿ ಬಸಿರಾಗಿತ್ತು. ಹೆಚ್ಚು ತಿನ್ನಿಸಿದರೆ ಮರಿ ದಪ್ಪವಾಗಿ ಸಿಕ್ಕಿಕೊಳ್ಳುತ್ತದೆ, ಕಡಿಮೆ ಮಾಡಿದರೆ ತಾಯಿಯೇ ಸೊರಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತೆ ಅವಳು ಹಿಡಿಹಿಡಿಯಾಗಿ ಅಳೆದು ಹಾಕಿದಳು. ಮೈದುನ ಹೇಳಿಸಿಕೊಳ್ಳದೆಯೇ ನೀರು ಬದಲಿಸುತ್ತಿದ್ದ, ಅವಳ ಕಣ್ಣು ತಪ್ಪಿಸಿ.

ದಿನ ತುಂಬಿದ ಬೆಳಿಗ್ಗೆ ಬೂದಿ ಮೂಲೆಗೊತ್ತಿ ಕೂತು ಏದುತ್ತಿತ್ತು. ಮರಿಗಳಿಗೆಂದು ತನ್ನ ಮೈಯ ಒಂದೆಳೆ ಕೂದಲೂ ಕಿತ್ತು ಹಾಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಪುಟ್ಟ ಹಿಂಗಾಲು ಹೊರಬಂದು ಅಲ್ಲೇ ನಿಂತವು. ಪಶುವೈದ್ಯರಿಗೆ ಫೋನ್ ಮಾಡಿದರೆ, ಸಂಜೆಗೆ ಮುಂಚೆ ಬರಲಾರೆ, ಅದನ್ನು ಎತ್ತಿಕೊಂಡು ಓಡಾಡಬೇಡಿ ಎಂದರು.

ಅತ್ತಿಗೆ ಬೆರಳಿಗೆ ಎಣ್ಣೆ ಸವರಿಕೊಂಡಳು. "ಹಿಡ್ಕೋ. ಬಿಗಿಯಾಗಿ ಅಲ್ಲ, ಭದ್ರವಾಗಿ."

ಬೂದಿ ತಿಣುಕಿದಾಗಲೆಲ್ಲ ಅವಳು ಮೆಲ್ಲಗೆ ಕೆಳಕ್ಕೆಳೆದಳು, ಅದು ಬಿಟ್ಟಾಗ ತಾನೂ ಬಿಟ್ಟಳು. ಒಮ್ಮೆ ಬೂದಿ ಕಿರುಚಿತು. ಮೊಲ ಕಿರುಚುವುದನ್ನು ಮೈದುನ ಕೇಳಿದ್ದು ಅದೇ ಮೊದಲು. ಆದರೂ ಅವನು ಹಿಡಿತ ಸಡಿಲಿಸಲಿಲ್ಲ. ಕೊನೆಗೆ ಬಂದ ಆ ದಪ್ಪ ಮರಿಗೆ ಉಸಿರಿರಲಿಲ್ಲ. ಅದರ ಹಿಂದೆಯೇ ಮೂರು ಜಾರಿ ಬಿದ್ದವು, ಬೆರಳುದ್ದ, ಕೆಂಪಗೆ, ಜೀವಂತ.

ಬೂದಿ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಆ ವಾರವೇ ಮರಿ ಹಾಕಿದ್ದ ಹಳೆಯ ಕಪ್ಪು ಮೊಲದ ಹುಲ್ಲಿನಲ್ಲಿ, ಅದರ ವಾಸನೆ ಹತ್ತಲೆಂದು, ಮೂರನ್ನೂ ಹೊರಳಾಡಿಸಿ, ಅದರ ಮರಿಗಳ ನಡುವೆ ಸೇರಿಸಿದರು. ಕಪ್ಪು ಮೂಸಿತು. ಇನ್ನೊಮ್ಮೆ ಮೂಸಿ, ಅವನ್ನು ದೂಡದೆ, ತನ್ನ ಮೇವಿಗೆ ತಿರುಗಿಕೊಂಡಿತು.

ಮರುದಿನವಿಡೀ ಬೂದಿ ಏನೂ ತಿನ್ನಲಿಲ್ಲ. ಮೈದುನನೂ ತಟ್ಟೆ ಮುಟ್ಟಲಿಲ್ಲ. ಅದರಾಚೆ ದಿನ ಅವನ ಕೈಯಿಂದಲೇ ಒಂದು ಎಲೆ ಕಚ್ಚಿಕೊಂಡಿತು. ಬದುಕಿತು. ಅದನ್ನು ಮತ್ತೆಂದೂ ಗಂಡಿನ ಬಳಿ ಬಿಡಲಿಲ್ಲ.

ತಿಂಗಳುಗಳ ಮೇಲೆ ಬೂದಿಯ ತಂಗಿ, ಚುಕ್ಕೆ ಎಂಬ ಮೊಲ, ಚೆನ್ನಾಗಿ ಬಲಿತಿದೆಯೆಂದು ಅತ್ತಿಗೆ ಹೇಳಿದಾಗ, ಈ ಸಲ ಬೇಡವೆಂದವನು ಮೈದುನ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದ, ಮತ್ತೆ ಕೇಳಿದರೂ ಅದನ್ನೇ ಅಂದ. ಹೀಗೇ ಮುಂದೂಡಿದರೆ ಕೊಬ್ಬೇರಿ ಬಸಿರೇ ನಿಲ್ಲದು ಎಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅವತ್ತು ಆತುರ, ಇವತ್ತು ಹೆದರಿಕೆ," ಎಂದಳು ಅತ್ತಿಗೆ. "ಎರಡೂ ನಿನ್ನವು, ಮೊಲದ್ದಲ್ಲ. ಕೈಯಿಟ್ಟು ನೋಡು."

ಅವನು ಚುಕ್ಕೆಯ ಸೊಂಟವನ್ನು ಬಹಳ ಹೊತ್ತು ಸವರಿದ. ಆಮೇಲೆ ತಾನೇ ಎತ್ತಿಕೊಂಡು ಹೋಗಿ ಗಂಡಿನ ಪಂಜರದಲ್ಲಿ ಇಳಿಸಿದ. ಕೈ ಮಾತ್ರ ತಕ್ಷಣ ಹೊರಗೆ ಬರಲಿಲ್ಲ.