ಕೋದಂಡರಾಮಪ್ಪನವರ ಒಂದೇ ಒಂದು ಉಪಕಾರ

ಕೋದಂಡರಾಮಪ್ಪನವರ ಬಾಯಿ ಅಗಲವಾಗಿ ತೆರೆದಿತ್ತು. ಅದರೊಳಗೆ ಎರಡು ಉಂಡೆ ಹತ್ತಿ, ಒಂದು ಪುಟ್ಟ ಕನ್ನಡಿ, ಡಾಕ್ಟರ್ ಗ್ರೂನ್ ಅವರ ಎರಡು ಬೆರಳು ಇದ್ದವು. ಆತ್ಮದ ವಿಷಯ ಶುರುವಾದದ್ದು ಅಂಥ ಹೊತ್ತಿನಲ್ಲಿ. ಹಲ್ಲು ಕೀಳಿಸಿಕೊಳ್ಳುವವನು ದೇವರನ್ನು ನೆನೆಯುವುದು ಲೋಕರೂಢಿ; ಕೀಳುವವರೇ ದೇವರ ಮಾತು ತೆಗೆದರೆ ಕುರ್ಚಿಯಲ್ಲಿ ಕೂತವನ ಗತಿ ಏನು?

ಡಾಕ್ಟರ್ ಗ್ರೂನ್ ವಿಯನ್ನಾ ಊರಿನ ಯಹೂದಿ. ಊರು ಜರ್ಮನರ ಕೈಗೆ ಹೋದ ಮೇಲೆ ಅಲ್ಲಿಂದ ಅಟ್ಟಿಸಿಕೊಂಡು ಹಡಗು ಹತ್ತಿ ಬೊಂಬಾಯಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಬಂದು, ಯುದ್ಧ ಶುರುವಾಗುವ ಮುಂಚೆಯೇ ಕೋಲಾರದಲ್ಲಿ ಕೋದಂಡರಾಮಪ್ಪನವರ ಎದುರುಮನೆಗೆ ಬಾಡಿಗೆಗೆ ಬಂದಿದ್ದರು. ಅವರಿಗೆ ಕನ್ನಡ ಕಲಿಸಿದವನು ಕಾಂಪೌಂಡರ್ ಓಬೇದುಲ್ಲಾ. ಹೀಗಾಗಿ ಅವರ ಕನ್ನಡದಲ್ಲಿ ಕಾಲುಭಾಗ ದಖನಿ ಸೇರಿತ್ತು. ರೋಗಿ ಹೆದರಿ ಕೈಹಿಡಿದರೆ, ಹೆದರಬೇಡ ಎನ್ನುವುದಕ್ಕೆ, "ನಕ್ಕೋ ಡರೋ" ಎಂದು ಆ ಬಿಳಿ ಮುಖದಿಂದ ಹೊರಡುವುದನ್ನು ಕೇಳಿ ಜನ ನೋವು ಮರೆತು ನಗುತ್ತಿದ್ದರು.

"ನಮ್ಮ ಅಜ್ಜ ಒಂದು ಪುಸ್ತಕ ಓದ್ತಿದ್ದ," ಎಂದರು ಡಾಕ್ಟರು, ಇಕ್ಕಳ ಹುಡುಕುತ್ತ. "ಕಬ್ಬಾಲಾ ಅಂತ, ನಮ್ಮವರ ಗುಟ್ಟಿನ ವಿದ್ಯೆ."

ಆಮೇಲೆ ಹೇಳಿದ್ದು ಇಷ್ಟು. ಮೊದಲು ದೇವರು ಪಾತ್ರೆಗಳನ್ನು ಮಾಡಿ ಅವುಗಳಲ್ಲಿ ತನ್ನ ಬೆಳಕು ತುಂಬಿದ. ಪಾತ್ರೆಗಳು ತಾಳಲಿಲ್ಲ, ಒಡೆದವು. ಕಿಡಿಗಳು ಚೆಲ್ಲಾಪಿಲ್ಲಿಯಾಗಿ ಕಲ್ಲಿನಲ್ಲಿ, ಮಣ್ಣಿನಲ್ಲಿ, ಊಟದ ತುತ್ತಿನಲ್ಲಿ ಸೇರಿಕೊಂಡವು. ಅವನ್ನು ಹೆಕ್ಕಿ ಮೇಲೆತ್ತುವುದಕ್ಕೇ ಮನುಷ್ಯನ ಆತ್ಮ ಭೂಮಿಗೆ ಇಳಿಯುವುದು. ಒಬ್ಬೊಬ್ಬನಿಗೆ ಒಂದೊಂದು ಕೆಲಸ. ಒಬ್ಬನದನ್ನು ಇನ್ನೊಬ್ಬ ಮಾಡುವಂತಿಲ್ಲ. ಕೆಲವರು ಎಪ್ಪತ್ತು ಎಂಬತ್ತು ವರ್ಷ ಉಂಡು, ಮಲಗಿ, ಜಗಳವಾಡಿ ಬದುಕುತ್ತಾರಲ್ಲ, ಅದೆಲ್ಲ ಯಾವುದೋ ಒಂದು ದಿನ ಯಾರೋ ಒಬ್ಬನಿಗೆ ಒಂದೇ ಒಂದು ಉಪಕಾರ ಮಾಡುವುದಕ್ಕೆ. ಯಾವ ದಿನ, ಯಾರಿಗೆ ಎಂಬುದು ಮಾತ್ರ ಯಾರಿಗೂ ತಿಳಿಯದು.

"ವಿಯನ್ನಾದಲ್ಲಿ ಒಬ್ಬ ಟ್ರಾಮ್ ಕಂಡಕ್ಟರ್ ಇದ್ದ. ಅವನ ಹೆಸರೂ ಗೊತ್ತಿಲ್ಲ. ಒಂದು ಸಂಜೆ ನನ್ನ ಹತ್ತಿರ ಬಗ್ಗಿ, ಇವತ್ತು ನಿಮ್ಮ ಬೀದೀಲಿ ಇಳೀಬೇಡಿ, ಯಹೂದಿಗಳನ್ನ ಹಿಡೀತಿದ್ದಾರೆ ಅಂದ. ನಾನು ಇಳೀಲಿಲ್ಲ. ನನ್ನ ತಮ್ಮ ಮನೇಲಿದ್ದ." ಡಾಕ್ಟರು ಇಕ್ಕಳವನ್ನು ಬಟ್ಟೆಯಿಂದ ಒರೆಸಿದರು. "ಆ ಕಂಡಕ್ಟರ್ ಹುಟ್ಟಿದ್ದೇ ಅದಕ್ಕೆ ಇರಬಹುದು. ಈಗ ಜೋರಾಗಿ ಬಾಯಿ ತೆಗೀರಿ."

ಮೇಲಿನ ಸಾಲಿನ ಕೊನೆಯ ಹಲ್ಲು ಬಂತು. ಬಾಯಿ ಮುಕ್ಕಳಿಸಿ ಉಗುಳಿ, ಮಾತು ಬಾಯಿಗೆ ಬಂದ ಕೂಡಲೇ ಕೋದಂಡರಾಮಪ್ಪನವರು ಕೇಳಿದ್ದು ಒಂದೇ ಪ್ರಶ್ನೆ.

"ಆ ಕೆಲ್ಸ ಮುಗಿದ್ ಮೇಲೆ, ಡಾಕ್ಟ್ರೇ?"

ಡಾಕ್ಟರು ಕೈ ತೊಳೆಯುತ್ತಿದ್ದರು. "ಮುಗಿದ ಮೇಲೆ ಏನು? ಬಂದ ಕಡೆಗೆ ವಾಪಸ್."

ಕೋದಂಡರಾಮಪ್ಪನವರು ಮನೆಗೆ ಬಂದು ಜಗಲಿಯ ಮೇಲೆ ಕೂತವರು ಕಾಫಿ ಬೇಡವೆಂದರು. ಅವರ ಹೆಂಡತಿ ಆಂಜಿನಮ್ಮ ಹಲ್ಲಿನ ನೋವಿರಬೇಕು ಅಂದುಕೊಂಡು ಒಳಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಆ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಆದರೆ ಕೋದಂಡರಾಮಪ್ಪನವರ ಉದ್ಯೋಗವೇ ಉಪಕಾರ. ಕ್ಯಾಲನೂರಿನ ಕಡೆ ರಾಗಿ ಹೊಲ, ಹಿಪ್ಪುನೇರಳೆ ತೋಟ ಮಗ ನೋಡಿಕೊಳ್ಳುತ್ತಿದ್ದ. ಪೇಟೆಯ ಮನೆಯಲ್ಲಿ ಕೂತು ಇವರು ಊರಿನ ಕೆಲಸ ನೋಡಿಕೊಳ್ಳುತ್ತಿದ್ದರು. ಹೆಣ್ಣು ಗೊತ್ತುಮಾಡುವುದು, ಅಣ್ಣತಮ್ಮಂದಿರ ಜಗಳ ಬಿಡಿಸುವುದು, ಹೆಣಕ್ಕೆ ಹೆಗಲು ಕೊಡುವುದು, ಬಸ್ಸಿನಲ್ಲಿ ಯಾರದೋ ಅಜ್ಜಿಗೆ ಜಾಗ ಕೊಡಿಸುವುದು, ಎಲ್ಲ ಅವರದೇ. "ಕೋದಂಡರಾಮಪ್ಪನವರು ಇಲ್ಲದಿದ್ದರೆ ಈ ಊರು ಏನಾಗ್ತಿತ್ತೋ" ಎಂದು ಜನ ಅನ್ನುವುದನ್ನು ಕೇಳಿ ಅವರಿಗೆ ಹೊಟ್ಟೆ ತುಂಬುತ್ತಿತ್ತು. ಈಗ ಹೊಳೆದದ್ದು ಬೇರೆ: ಇಷ್ಟು ಮಾಡಿದರೂ ತಾನಿನ್ನೂ ಬದುಕಿದ್ದೇನೆ ಎಂದರೆ, ಆ ಒಂದು ಇನ್ನೂ ಬಾಕಿಯಿದೆ. ಮುಂದಿನದೇ ಅದಾಗಿದ್ದರೆ?

ಯೋಚಿಸಿದಷ್ಟೂ ಪುರಾವೆ ಸಿಕ್ಕಿತು. ಅವರ ಚಿಕ್ಕಪ್ಪ ದೊಡ್ಡಮುನಿಯಪ್ಪ ಜೀವಮಾನವಿಡೀ ಯಾರಿಗೂ ಒಂದು ಲೋಟ ನೀರು ಕೊಟ್ಟವನಲ್ಲ. ಒಂದು ದಿನ ಬುದ್ಧಿ ಕೆಟ್ಟು ಬಾವಿಗೆ ಬಿದ್ದ ಯಾರದೋ ಮೇಕೆಯನ್ನು ಮೇಲೆತ್ತಿದ, ಆ ವಾರವೇ ಹೋದ. ಅದೇ ದೊಡ್ಡಪೇಟೆಯ ಶ್ರೀನಿವಾಸಪ್ಪನನ್ನು ನೋಡಿ. ಹುಟ್ಟಿದಾಗಿನಿಂದ ಒಬ್ಬರಿಗೂ ಉಪಕಾರ ಮಾಡಿದ್ದು ಇಲ್ಲ. ತೊಂಬತ್ತು ದಾಟಿದ್ದಾನೆ, ಸ್ವಂತ ಹಲ್ಲಿನಲ್ಲಿ ಕಬ್ಬು ಸಿಗಿದು ತಿನ್ನುತ್ತಾನೆ.

ಮರುದಿನದಿಂದ ಕೋದಂಡರಾಮಪ್ಪನವರು ಉಪಕಾರ ನಿಲ್ಲಿಸಿದರು.

ಸೊಪ್ಪಿನವಳು ಬುಟ್ಟಿಗೆ ಕೈ ಕೊಡಿ ಅಂದರೆ ಕೇಳಿಸದವರಂತೆ ಒಳಗೆ ಹೋದರು. ಸುಗಟೂರಿನ ಚನ್ನರಾಯಪ್ಪ ಮಗಳ ಸಂಬಂಧದ ವಿಷಯಕ್ಕೆ ಬಂದರೆ ಮೈ ಸರಿಯಿಲ್ಲ ಎಂದು ಕಂಬಳಿ ಹೊದ್ದರು. ದಾರಿಯಲ್ಲಿ ಯಾರೋ ಗಂಟೆ ಎಷ್ಟು ಎಂದು ಕೇಳಿದ್ದಕ್ಕೆ ಗಡಿಯಾರವನ್ನು ಜೇಬಿನೊಳಗೆ ತಳ್ಳಿ ಗಡಿಯಾರ ಕೆಟ್ಟಿದೆ ಅಂದುಬಿಟ್ಟರು. ಒಂದು ವಾರದಲ್ಲಿ ಊರಿನಲ್ಲಿ ಎರಡು ಮದುವೆ ಮುಂದಕ್ಕೆ ಹೋದವು, ಒಂದು ಗೋಡೆಯ ಜಗಳ ಕೋರ್ಟಿಗೆ ಹೋಯಿತು. ಕೋದಂಡರಾಮಪ್ಪನವರಿಗೆ ಯಾರೋ ಮದ್ದು ಹಾಕಿದ್ದಾರೆ ಎಂದು ಜನ ಆಡಿಕೊಂಡರು.

ಎಲ್ಲಕ್ಕಿಂತ ಕಷ್ಟವಾದದ್ದು ಶುಕ್ರವಾರ. ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲು ಡಾಕ್ಟರು ಎರಡು ಮೇಣದ ಬತ್ತಿ ಹಚ್ಚಿಡುತ್ತಿದ್ದರು. ಆಮೇಲೆ ಮರುದಿನ ಕತ್ತಲಾಗುವವರೆಗೆ ಬೆಂಕಿ ಮುಟ್ಟುವಂತಿಲ್ಲ, ಅದು ಅವರ ಧರ್ಮ. ಮುಂಗಾರಿನ ದಿನಗಳಲ್ಲಿ ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಯಾರ ಧರ್ಮವೂ ತಿಳಿಯದು, ಬತ್ತಿ ಆರಿಹೋಗುತ್ತಿತ್ತು. ಹಚ್ಚಿ ಎಂದು ಡಾಕ್ಟರು ಯಾರನ್ನೂ ಕೇಳುವಂತಿಲ್ಲ. ಕೇಳದೆಯೇ ಯಾರಾದರೂ ಅವರಿಗೋಸ್ಕರ ಹಚ್ಚಿದರೂ ಆ ಬೆಳಕು ಅವರಿಗೆ ಸಲ್ಲದು. ಹಚ್ಚುವವನು ತನ್ನ ಕೆಲಸಕ್ಕೋಸ್ಕರ ಹಚ್ಚಿಕೊಂಡರೆ ಮಾತ್ರ ಆ ಬೆಳಕಿನಲ್ಲಿ ಅವರೂ ಕೂರಬಹುದು. ಇದನ್ನು ತಿಳಿದಂದಿನಿಂದ ಕೋದಂಡರಾಮಪ್ಪನವರು ಶುಕ್ರವಾರ ಸಂಜೆ ಪೇಪರು, ಬೆಂಕಿಪೊಟ್ಟಣ ಹಿಡಿದು ಎದುರುಮನೆಗೆ ಹೋಗಿ, "ಕತ್ತಲು ಕಣ್ರೀ, ನಾನು ಪೇಪರ್ ಓದ್ಬೇಕು" ಎಂದು ಲಾಂದ್ರ ಹಚ್ಚಿಕೊಂಡು ಕೂರುತ್ತಿದ್ದರು. ಡಾಕ್ಟರು ಆಚೆ ಬದಿಯಲ್ಲಿ ತಮ್ಮ ಅಜ್ಜನ ಪುಸ್ತಕ ತೆಗೆಯುತ್ತಿದ್ದರು. ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ಗೋಜಿರಲಿಲ್ಲ.

ಈ ಶುಕ್ರವಾರ ಕೋದಂಡರಾಮಪ್ಪನವರು ಹೋಗಲಿಲ್ಲ. ಗಾಳಿ ಎದ್ದಿತು, ಎದುರುಮನೆಯ ಕಿಟಕಿ ಕಪ್ಪಾಯಿತು. ಇವರು ಜಗಲಿಯಿಂದ ಎದ್ದು, ಬೆನ್ನು ತಿರುಗಿಸಿ ಒಳಗೆ ಹೋಗಿ ಮಲಗಿದರು. ನಿದ್ದೆ ಬರಲಿಲ್ಲ.

ಭಾನುವಾರ ಓಬೇದುಲ್ಲಾ ಬಂದ. ಮುಖ ಬಾಡಿತ್ತು. ಯುದ್ಧ ಬಿರುಸಾಗಿದೆ, ಜರ್ಮನರ ರಾಜ್ಯದಿಂದ ಬಂದವರನ್ನೆಲ್ಲ ಸರ್ಕಾರದವರು ಶತ್ರುಗಳೆಂದು ದೂರದ ಶಿಬಿರಕ್ಕೆ ಒಯ್ದು ಕೂಡಿಹಾಕುತ್ತಿದ್ದಾರೆ. ಬೆಂಗಳೂರಿನಿಂದ ಅಧಿಕಾರಿ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದಾನೆ, ಬುಧವಾರ ಡಾಕ್ಟರ ವಿಚಾರಣೆ. ಊರಿನ ದೊಡ್ಡ ಮನುಷ್ಯರು ಯಾರಾದರೂ ಎದುರು ನಿಂತು ಇವರನ್ನು ನಾವು ಬಲ್ಲೆವು ಅಂದರೆ ಬಿಡುತ್ತಾರಂತೆ, ಇಲ್ಲದಿದ್ದರೆ ಅಂದೇ ಕರೆದೊಯ್ಯುತ್ತಾರಂತೆ. ಎಲ್ಲರನ್ನೂ ಕೇಳಿ ಆಯಿತು, ಜರ್ಮನಿಯ ಹೆಸರು ಕೇಳಿಯೇ ಬಾಗಿಲು ಹಾಕುತ್ತಿದ್ದಾರೆ ಎಂದ.

"ನಮ್ ಸಾಹೇಬ್ರು ನಿಮ್ಮನ್ ಕೇಳಕ್ಕೆ ನಾಚ್ಕೋತಾರೆ. ನಾನೇ ಬಂದೆ, ಯಜಮಾನ್ರೇ. ನಿಮ್ಮನ್ ಬಿಟ್ರೆ ಯಾರೂ ಇಲ್ಲ."

ಕೋದಂಡರಾಮಪ್ಪನವರಿಗೆ ಥಟ್ಟನೆ ಹೊಳೆಯಿತು. ಬಂತಲ್ಲ, ಇದೇ ಅದು. ಬುಟ್ಟಿ ಎತ್ತುವುದಲ್ಲ, ಗಂಟೆ ಹೇಳುವುದಲ್ಲ. ಒಬ್ಬ ಮನುಷ್ಯನ ಬದುಕಿನ ಪ್ರಶ್ನೆ. ಇದಲ್ಲದಿದ್ದರೆ ಇನ್ಯಾವುದು? ರಾಯಲ್ಪಾಡಿನಲ್ಲಿ ಮಾವಿನ ತೋಪು ನೋಡಲು ಹೋಗಬೇಕು, ಬುಧವಾರ ಊರಲ್ಲಿರುವುದಿಲ್ಲ ಎಂದು ತಡವರಿಸಿದರು. ಓಬೇದುಲ್ಲಾ ಸಲಾಮು ಮಾಡಿ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸ ಆಂಜಿನಮ್ಮನವರು ವಹಿಸಿಕೊಂಡರು. ಗಂಡನಿಗೆ ರಾಯಲ್ಪಾಡಿನಲ್ಲಿ ತೋಪೂ ಇಲ್ಲ, ತೋಪಿರುವ ನೆಂಟರೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಿಡಿದು ಕೂರಿಸಿ ಕೇಳಿದ ಮೇಲೆ ಎಲ್ಲ ಹೊರಬಂತು: ಪಾತ್ರೆ, ಕಿಡಿ, ಮೇಕೆ ಎತ್ತಿದ ಚಿಕ್ಕಪ್ಪ. ಆಂಜಿನಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಸಾಯೋ ಭಯಕ್ಕೆ ಹಿಂಗ್ ಬದುಕ್ತೀರಾ? ಥೂ, ಏಮಿ ಬತುಕು ಇದಿ," ಎಂದು ಸಿಟ್ಟು ಬಂದಾಗಿನ ತೆಲುಗಿನಲ್ಲಿ ಅಂದರು. ಎದ್ದು ಹೋಗುತ್ತ ಇನ್ನೊಂದು ಮಾತು ಸೇರಿಸಿದರು. "ಮೇಲಿನ್ ಸಾಲು ಪೂರ್ತಿ ಕೀಳಿಸ್ಕೊಂಡು ಕೂತಿದೀರಿ. ಹೊಸ ಹಲ್ಲು ಅವ್ರ ಡ್ರಾಯರ್‌ನಲ್ಲಿದೆ. ಅವ್ರು ಹೋದ್ರೆ ಕಟ್ಟೋರು ಯಾರು? ಇನ್ನು ಸಾಯೋ ತನಕ ಗಂಜಿನೇ."

ಗಂಜಿಯ ಮಾತು ಕೋದಂಡರಾಮಪ್ಪನವರ ತಲೆಗೆ ನಿಧಾನವಾಗಿ ಇಳಿದು, ಅಲ್ಲಿ ಶುಕ್ರವಾರದ ಲಾಂದ್ರದ ಪಕ್ಕ ಹೋಗಿ ಕೂತಿತು. ತನಗೋಸ್ಕರ ಹಚ್ಚಿಕೊಂಡರೆ ಅದು ಉಪಕಾರವಲ್ಲ. ಡಾಕ್ಟರ ಧರ್ಮವೇ ಹಾಗೆ ಹೇಳುತ್ತದೆ. ಮುಖ ಅರಳಿತು.

ಬುಧವಾರ ಕೋಟು ತೊಟ್ಟು, ಪೇಟ ಸುತ್ತಿ ಪ್ರವಾಸಿ ಬಂಗಲೆಗೆ ಹೋದರು. ಡಾಕ್ಟರು ಗೋಡೆಗೆ ಅಂಟಿದ ಬೆಂಚಿನ ಮೇಲೆ ಕೈಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು, ಪ್ರಯಾಣಕ್ಕೆ ಸಿದ್ಧರಾಗಿಯೇ ಬಂದಿದ್ದರು. ಕೋದಂಡರಾಮಪ್ಪನವರು ಅವರ ಕಡೆ ನೋಡದೆ ನೇರ ಮೇಜಿನ ಮುಂದೆ ನಿಂತರು.

"ಸ್ವಾಮಿ, ನಾನು ಉಪಕಾರ ಮಾಡಕ್ಕೆ ಬಂದಿಲ್ಲ. ಬರೀ ನನ್ನ ಸ್ವಾರ್ಥಕ್ಕೆ ಬಂದಿದೀನಿ," ಎಂದು ಜೋರಾಗಿ ಹೇಳಿದರು. ಹೇಳುವಾಗ ಅಧಿಕಾರಿಯನ್ನು ಬಿಟ್ಟು ಮಾಳಿಗೆಯ ತೊಲೆ ನೋಡಿದರು. ಮೇಲೆ ಕೂತು ಲೆಕ್ಕ ಬರೆದುಕೊಳ್ಳುವವನಿಗೆ ಸ್ಪಷ್ಟವಾಗಿ ಕೇಳಿಸಲಿ ಎಂದು.

ಅಧಿಕಾರಿ ಪೆನ್ನು ಕೆಳಗಿಟ್ಟ. ಈ ಡಾಕ್ಟರು ಶತ್ರುಗಳ ಕಡೆಯವರಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ.

"ಶತ್ರು ಆಗಿದ್ರೆ ಇಷ್ಟು ಸಲ ನನ್ನ ಬಾಯೊಳಗೆ ಕೈ ಹಾಕಿದ್ರಲ್ಲ, ಒಂದ್ ಸಲನಾದ್ರೂ ಜೋರಾಗಿ ಎಳೀತಿದ್ರು. ಇವರನ್ನ ನೀವು ಕರ್ಕೊಂಡ್ ಹೋದ್ರೆ ನನ್ನ ಹಲ್ಲು ಡ್ರಾಯರ್‌ನಲ್ಲೇ ಉಳೀತದೆ. ಅದಕ್ಕೇ ಬಂದೆ."

"ಮನುಷ್ಯ ಹೇಗೆ? ಒಳ್ಳೆಯವರಾ?"

ಇದಕ್ಕೆ ಕೋದಂಡರಾಮಪ್ಪನವರು ತಯಾರಾಗಿ ಬಂದಿರಲಿಲ್ಲ. ಬೆಂಚಿನ ಕಡೆ ತಿರುಗಿದರು. ಡಾಕ್ಟರು ಕೈಪೆಟ್ಟಿಗೆಯನ್ನು ಮಡಿಲಿಗೆ ಅವಚಿಕೊಂಡು, ನೆಲ ನೋಡುತ್ತಿದ್ದರು.

"ಒಳ್ಳೇವ್ರು, ಸ್ವಾಮಿ. ತುಂಬಾ ಒಳ್ಳೇವ್ರು. ನಮ್ಮೋರು," ಎಂದುಬಿಟ್ಟರು. ಆಡಿದ ಮಾತು ತಮಗೇ ಕೇಳಿಸಿ ಗಾಬರಿಯಾಯಿತು. ತೊಲೆಯ ಕಡೆ ನೋಡಿ, "ನನ್ನ ಹಲ್ಲಿನ್ ಮಟ್ಟಿಗೆ," ಎಂದು ಸೇರಿಸಿದರು.

ಅಧಿಕಾರಿ ಮೀಸೆಯಲ್ಲೇ ನಕ್ಕ. ಪರೋಪಕಾರ ಎಂದು ಹೇಳಿಕೊಂಡು ಸುಳ್ಳು ಹೇಳಲು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ, ಸ್ವಾರ್ಥ ಎಂದು ಒಪ್ಪಿಕೊಂಡು ಬಂದವರು ನೀವೇ ಮೊದಲು, ನಿಮ್ಮ ಮಾತು ನಂಬಬಹುದು ಎಂದ. ಡಾಕ್ಟರು ಊರು ಬಿಟ್ಟು ಹೋಗಕೂಡದು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಬೇಕು, ಅಷ್ಟಕ್ಕೇ ಮುಗಿಯಿತು.

ಮೆಟ್ಟಿಲ ಮೇಲೆ ಡಾಕ್ಟರು ಇವರ ಎರಡೂ ಕೈ ಹಿಡಿದುಕೊಂಡರು. ಕೋದಂಡರಾಮಪ್ಪನವರು ಹಾವು ಮುಟ್ಟಿದಂತೆ ಕೈ ಕಿತ್ತುಕೊಂಡು, ಥ್ಯಾಂಕ್ಸ್ ಮಾತ್ರ ಹೇಳಬೇಡಿ, ಲೆಕ್ಕಕ್ಕೆ ಬರುತ್ತದೆ ಎಂದರು. ಯಾವ ಲೆಕ್ಕ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಬೇಕಾಯಿತು. ಡಾಕ್ಟರು ಮೆಟ್ಟಿಲ ಮೇಲೆಯೇ ಕುಸಿದು ಕೂತು ನಕ್ಕರು. ನಗುನಗುತ್ತಲೇ ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು, ಆಮೇಲೆ ನಗದೆಯೂ ಒರೆಸಿಕೊಂಡರು.

"ಸ್ವಾರ್ಥ ಅಂತ ನೀವು ಅಂದ್ರೆ, ಕೋದಂಡರಾಮಪ್ಪ, ಮೇಲಿರೋನು ನಂಬ್ತಾನಾ?"

ಕೋದಂಡರಾಮಪ್ಪನವರು ಸರಸರನೆ ಮೆಟ್ಟಿಲು ಇಳಿದರು. ನೇರ ಮನೆಗೆ ಬಂದು, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ನಡುಮನೆಯಲ್ಲಿ ಅಂಗಾತ ಮಲಗಿದರು. ಮಗನಿಗೆ ಹೇಳಿಕಳಿಸಿ ಎಂದರು. ಆಂಜಿನಮ್ಮನವರು ಹೇಳಿಕಳಿಸಲಿಲ್ಲ. ಗುರುವಾರವೂ ಮಲಗಿದ್ದರು. ಏನೂ ಆಗಲಿಲ್ಲ, ಹಸಿವು ಮಾತ್ರ ಆಯಿತು. ಮೆತ್ತಗೆ ಮಿದ್ದ ರಾಗಿಮುದ್ದೆ ಎರಡು ಸಲ ಹಾಕಿಸಿಕೊಂಡರು. ಸಾಯಲಿಲ್ಲವೆಂದು ಸಂತೋಷವಾಯಿತು, ಹಾಗಾದರೆ ಇಷ್ಟು ದೊಡ್ಡದೂ ಅದಲ್ಲವೇ ಎಂದು ಒಳಗೊಳಗೇ ಸ್ವಲ್ಪ ಅವಮಾನವೂ ಆಯಿತು. ದೊಡ್ಡದಲ್ಲದಿದ್ದರೆ ಸಣ್ಣದು. ಎಷ್ಟು ಸಣ್ಣದು? ಒಂದು ಕಡ್ಡಿ ಗೀರುವಷ್ಟೇ?

ಶುಕ್ರವಾರ ಸಂಜೆ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಮಲಗಿದ್ದಲ್ಲಿಂದಲೇ ತೆರೆದ ಬಾಗಿಲಿನಾಚೆ ಎದುರುಮನೆಯ ಕಿಟಕಿ ಕಾಣುತ್ತಿತ್ತು. ಎರಡು ಬತ್ತಿಗಳು ಬಳುಕಿದವು. ಒಂದು ಆರಿತು, ಸ್ವಲ್ಪ ತಡೆದು ಇನ್ನೊಂದು. ಡಾಕ್ಟರು ಆ ಕತ್ತಲಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತಿರುತ್ತಾರೆ, ಯಾರನ್ನೂ ಕೇಳುವುದಿಲ್ಲ.

ಕೋದಂಡರಾಮಪ್ಪನವರು ಎದ್ದರು. ಗೂಡಿನಿಂದ ಬೆಂಕಿಪೊಟ್ಟಣ ತೆಗೆದು, ಪೇಪರನ್ನು ಕಂಕುಳಲ್ಲಿ ಇಟ್ಟು, ಚಪ್ಪಲಿ ಮೆಟ್ಟಿ ಬೀದಿಗೆ ಇಳಿದರು.

"ಕನ್ನಡಕ ಇಲ್ಲೇ ಬಿಟ್ ಹೋಗ್ತಿದೀರಲ್ರೀ," ಎಂದು ಹಿಂದಿನಿಂದ ಆಂಜಿನಮ್ಮ ಕೂಗಿದರು.

ಅವರು ತಿರುಗಿ ನೋಡಲಿಲ್ಲ. ಎದುರುಮನೆಯ ಹೊಸ್ತಿಲು ದಾಟಿ, "ಕತ್ತಲು ಕಣ್ರೀ, ನಾನು ಪೇಪರ್ ಓದ್ಬೇಕು," ಎಂದರು. ಕಡ್ಡಿ ಗೀರಿದರು. ಲಾಂದ್ರ ಹತ್ತಿಕೊಂಡಿತು. ಮೇಜಿನ ಆಚೆ ಬದಿಯಲ್ಲಿ ಡಾಕ್ಟರು ಅಜ್ಜನ ಪುಸ್ತಕ ತೆರೆದರು. ಕೋದಂಡರಾಮಪ್ಪನವರು ಪೇಪರನ್ನು ಮುಖ ಪೂರ್ತಿ ಮರೆಯಾಗುವಷ್ಟು ಎತ್ತರಕ್ಕೆ ಹಿಡಿದು ಕೂತರು. ಒಂದು ಪುಟ ಓದಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಕಾದು, ಪುಟ ತಿರುಗಿಸಿದರು.